ನೇಲ್ ಪಾಲಿಶ್ ಶೀಶೆ

ಗೂಡಲೂರಿನ ನಮ್ಮ ಆಸ್ಪತ್ರೆಯ ಲ್ಯಾಬ್ ಅಕ್ಕ ಉಗುರಿಗೆ ಬಣ್ಣ ಹಚ್ಚಿದವರೇ ಅಲ್ಲ. ಆದರೂ ಅವರ ಮೈಕ್ರೋಸ್ಕೋಪಿನ ಪಕ್ಕ ಸದಾ ಒಂದು ನೇಲ್ ಪಾಲಿಶ್ ಶೀಶೆ ಇರುತ್ತಿತ್ತು. ರಕ್ತದ ಹನಿಗೆ ಔಷಧಿ ಬೆರೆಸಿ, ತೆಳು ಗಾಜು ಮುಚ್ಚಿ, ಗಾಳಿಯಾಡದಂತೆ ಅಂಚಿಗೆಲ್ಲ ಅದನ್ನು ಬಳಿಯುತ್ತಿದ್ದರು. ಗಾಳಿ ಸಿಗದಿದ್ದರೆ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರ ಕೆಂಪು ಕಣಗಳು ಕುಡುಗೋಲಿನಂತೆ ಬಾಗುತ್ತವೆ. "ಅವಸರ ಬೇಡ, ಅದಕ್ಕೆ ಉಸಿರು ಕಟ್ಟಲಿ," ಎನ್ನುತ್ತ ಕೈಕಟ್ಟಿ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ, ಕೈಕಾಲು ನೋವೆಂದು ನರಳುತ್ತಿದ್ದ ಮಗಳನ್ನು ಒಬ್ಬ ತಾಯಿ ಕರೆತಂದಳು. "ಮಸಿನಗುಡಿ ಜೀಪು ಹೋಗ್ಬಿಡುತ್ತೆ ಸಿಸ್ಟರ್," ಎಂದು ಒಂದೇ ಸಮನೆ ಹೇಳುತ್ತಿದ್ದಳು. ನರ್ಸ್ ಆದ ನಾನೇ ಸ್ಲೈಡ್ ಮಾಡಿ ಅರ್ಧ ಗಂಟೆ ಕಾದೆ. ಕಣಗಳೆಲ್ಲ ದುಂಡಗಿದ್ದವು. ರೋಗವಿಲ್ಲವೆಂದು ಚೀಟಿ ಬರೆದುಕೊಟ್ಟೆ.

ಅಕ್ಕ ಬಂದವರೇ ನಾನು ನಡೆದದ್ದನ್ನು ಹೇಳುತ್ತಿದ್ದಂತೆ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಜಾಗಕ್ಕೆ ಪಾಲಿಶ್ ಹತ್ತಿರಲಿಲ್ಲ. ಸ್ಲೈಡ್ ಕೆಳಗಿಟ್ಟು ಓಡಿ, ಹೊರಟಿದ್ದ ಜೀಪಿನ ಮುಂದೆ ನಿಂತರು. ಡ್ರೈವರ್ ಹಾರ್ನ್ ಹೊಡೆದರೂ ಕದಲಲಿಲ್ಲ. "ಚೀಟಿ ಕೊಡಮ್ಮ, ಇನ್ನೊಂದ್ಸಲ ನೋಡ್ಬೇಕು."

ಲ್ಯಾಬಿನಲ್ಲಿ ಹುಡುಗಿಯ ರಕ್ತದ ಹೊಸ ಹನಿಗೆ ಔಷಧಿ ಬೆರೆಸಿ ಗಾಜು ಮುಚ್ಚಿ, ಶೀಶೆಯನ್ನು ನನ್ನ ಕೈಗೇ ಕೊಟ್ಟರು. "ನೀವೇ ಬಳೀರಿ." ನಾಲ್ಕೂ ಅಂಚಿಗೆ ಎರಡೆರಡು ಸಲ ಬಳಿದೆ. ಬಾಗಿಲಲ್ಲಿ ತಾಯಿ, ಮಗಳು, ಡ್ರೈವರ್ ಮೂವರೂ ನಿಂತಿದ್ದರು. ಅರ್ಧ ಗಂಟೆಯ ಮೇಲೆ ಅಕ್ಕ ನೋಡಿ, ನನಗೆ ಜಾಗ ಬಿಟ್ಟರು. ದುಂಡಗಿನ ಕಣಗಳ ನಡುವೆ ಎಲ್ಲೆಲ್ಲೂ ಕುಡುಗೋಲುಗಳು.

ನನ್ನ ಅಕ್ಷರದ ಚೀಟಿಯನ್ನು ಅಕ್ಕ ಮಡಚಿ ತಮ್ಮ ಕೋಟಿನ ಜೇಬಿಗಿಟ್ಟರು. ತಾಯಿಯತ್ತ ತಿರುಗಿ, "ಮೊದ್ಲಿನ ಚೀಟಿ ತಪ್ಪು ಕಣಮ್ಮ, ಆ ತಪ್ಪು ನಂದು," ಎಂದರು.