ಅಂಬಲಿಗೆ ಬೆರೆಸಿದ ನೀರು

ಹಲಬರ್ಗಾದ ಹತ್ತಿರದ ಹಿನ್ನೀರಿನಲ್ಲಿ ವಿಹಾರದ ಬೋಟ್ ನಡೆಸುವವನು ಬಕ್ಕಪ್ಪ. ಬೀದರ, ಭಾಲ್ಕಿಯಿಂದ ಬಂದವರು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಬೋಟಿನ ಪಾಯಖಾನೆ ತೊಳೆಯುವವಳು ಅವನ ಹೆಂಡತಿ ಸಖುಬಾಯಿ. ಅವಳು ಯಾವ ಫೋಟೋದಲ್ಲೂ ಇಲ್ಲ.

ಪಾಯಖಾನೆಯ ಕೆಳಗೊಂದು ಪ್ಲಾಸ್ಟಿಕ್ ಟಾಂಕಿ. ತುಂಬಿದಾಗ ಅದನ್ನು ದಿಬ್ಬ ಹತ್ತಿಸಿ, ಮೇಲಿನ ಮುಚ್ಚಿದ ಗುಂಡಿಗೆ ಸುರಿಯಬೇಕು. ಹನಿಯೂ ಹಿನ್ನೀರಿಗೆ ಬೀಳಕೂಡದು. ಟಾಂಕಿಗೆ ಎರಡು ಹಿಡಿಕೆ, ಹೊರುವವಳು ಒಬ್ಬಳೇ. ಆದರೂ ಸಖುಬಾಯಿ ಒಮ್ಮೆಯೂ ತಪ್ಪಿಸಿರಲಿಲ್ಲ.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಅವಳು ಸಜ್ಜೆರೊಟ್ಟಿ ಬಡಿದು, ಭಜ್ಜಿಗೆ ಕಾಳು ಸೊಪ್ಪು ಬೇಯಿಸಿ, ಮಗಳು ಮೇಘಾಳ ಜಡೆ ಹೆಣೆದು ದಂಡೆಗೆ ಓಡಿದಳು. ಹಿಂದಿನ ದಿನದ ಮಂದಿಯಿಂದ ಟಾಂಕಿ ತುಂಬಿತ್ತು. ಬೋಟಿನ ಹಗ್ಗ ಬಿಗಿಯುತ್ತಿದ್ದ ಗಂಡನನ್ನು ಕರೆದಳು.

"ಒಂದ್ ಕಡಿ ಹಿಡೀರಿ. ಹೊಲಕ್ಕ ಬುತ್ತಿ ಒಯ್ಯೋದದ."

"ಹಬ್ಬದ ದಿನ ಅದನ್ನ ಮುಟ್ಲೇನು? ಮೈ ತೊಳ್ಕೊಂಡ್ ಬಂದೀನಿ," ಎಂದ ಬಕ್ಕಪ್ಪ.

"ನಾ ತೊಳ್ಕೊಂಡಿಲ್ಲೇನ್ರಿ?"

ಅವನು ಆಗಲೇ ಹೊಲದ ದಾರಿ ಹಿಡಿದಿದ್ದ. ಸಖುಬಾಯಿ ದಿಬ್ಬ ನೋಡಿದಳು. ಮನೆಯಲ್ಲಿ ಕಾಯುತ್ತಿದ್ದ ಬುತ್ತಿಯ ಬುಟ್ಟಿ ನೆನಪಾಯಿತು. ಮುಚ್ಚಳ ತಿರುಗಿಸಿ, ಟಾಂಕಿಯನ್ನು ದಂಡೆಯಿಂದಲೇ ನೀರಿಗೆ ಬಗ್ಗಿಸಿದಳು. ಟಾಂಕಿ ಬೇಗ ಹಗುರಾಯಿತು.

ಅವರ ಹೊಲ ಹಿನ್ನೀರಿನ ಅಂಚಿಗೇ ಇದೆ. ಅವಳು ತಂದ ಬುತ್ತಿಯನ್ನು ಎಡೆಯಿಟ್ಟು ಅತ್ತೆ ಈರಮ್ಮ ಪೂಜೆ ಮುಗಿಸಿ, ಜೋಳದ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಂಬಲಿ ಬಗ್ಗಿಸತೊಡಗಿದಳು.

"ಗಟ್ಟಿ ಆಗಿತ್ತ. ಒಂದ್ ತಂಬಿಗಿ ನೀರ್ ಹಾಕೀನಿ."

"ಎಲ್ಲೀ ನೀರ್ರಿ ಅತ್ತಿ?"

"ಎಲ್ಲೀದು ಅಂದ್ರ? ಬೋಟ್ ನಿಲ್ಲೋ ಕಡಿಂದ. ಕೊಡ ಅಲ್ಲೇ ಮುಳಗ್ತದ."

ಅಜ್ಜಿಯ ಪಕ್ಕ ಕೂತಿದ್ದ ಮೇಘಾ ಲೋಟ ತುಟಿಗಿಟ್ಟಿದ್ದಳು. ಸಖುಬಾಯಿ ಕಸಿದುಕೊಂಡಳು. ಅಂಬಲಿ ಮಗುವಿನ ಹೊಸ ಲಂಗದ ಮೇಲೆ ಚೆಲ್ಲಿತು.

ನೊಣ ಬಿದ್ದಿತ್ತು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಗಡಿಗೆ ತುಂಬ ಅಂಬಲಿ ಇನ್ನೂ ಇತ್ತು.

"ಟಾಂಕಿ ಅಲ್ಲೇ ಸುರುವೀನ್ರಿ ಮುಂಜಾನಿ. ಗುಂಡಿ ತನಕ ಒಯ್ಲಿಲ್ಲ."

ಬಕ್ಕಪ್ಪ ರೊಟ್ಟಿ ಕೆಳಗಿಟ್ಟ. "ಹೇಸಿಗಿ ಹೆಂಗಸ. ಬೋಟಿನ ಮಾಲಕಗ ಗೊತ್ತಾದ್ರ ನನ್ನ ಮಾರಿ ಏನಾಗ್ಬೇಕ?"

ಈರಮ್ಮ ಗಡಿಗೆ ಎತ್ತಿ, ಅಂಬಲಿಯನ್ನೆಲ್ಲ ಜೋಳದ ಬುಡಕ್ಕೆ ಸುರಿದಳು. "ಹೊಲಕ್ಕ ನಡೀತದ, ಗಂಟಲಕ್ಕ ನಡ್ಯಂಗಿಲ್ಲ," ಎಂದು ಸೊಸೆಯ ಮುಖ ನೋಡದೆಯೇ ಅಂದಳು. ಆಮೇಲೆ ಮಗನ ಕಡೆ ತಿರುಗಿದಳು. "ಆ ಟಾಂಕಿಗಿ ಎರಡ್ ಹಿಡಕಿ ಅವ. ಇನ್ನೊಂದು ಯಾರಿಗಂತ ಮಾಡ್ಯಾರಪ್ಪ? ನನಗಂತೇನು?"

ಬಕ್ಕಪ್ಪ ಎದ್ದು ನಿಂತ. ಊರಿನ ನಳದ ನೀರು ತರಲು ಖಾಲಿ ಕೊಡ ಎತ್ತಿಕೊಂಡ.

ಅತ್ತೆ ಗಂಡನನ್ನು ಬೈದದ್ದು ಸಖುಬಾಯಿಗೆ ಸಮಾಧಾನ ತರಲಿಲ್ಲ. ಮುಚ್ಚಳ ತಿರುಗಿಸಿದ ಕೈ ತನ್ನದೇ. ದಂಡೆಗುಂಟ ಬೇರೆ ಹೊಲಗಳಿದ್ದವು, ಎಲ್ಲ ಕಡೆ ಅಂಬಲಿಯ ಗಡಿಗೆಗಳಿದ್ದವು. ಪಕ್ಕದ ಹೊಲದ ಶಶಿಕಲಾ ಕೊಡ ಹಿಡಿದು ನೀರಿಗಿಳಿಯುತ್ತಿದ್ದಳು.

ಸಖುಬಾಯಿ ಸೆರಗು ಸಿಕ್ಕಿಸಿ ಬದುವಿನ ಮೇಲೆ ಓಡಿದಳು.

"ಆ ನೀರ್ ತುಂಬಬ್ಯಾಡವ್ವ. ನಾನೇ ಹೊಲಸ ಮಾಡೀನಿ."

ಶಶಿಕಲಾ ತಿರುಗಿ ನೋಡಿದಳು. ಅವಳಾಚೆಗೆ ಇನ್ನೂ ಹೊಲಗಳಿದ್ದವು.