ಬಾಯಿಬಡುಕಿ ಮಿರ್ತಾಳ ಮೌನದ ಕಸುಬು

ಮಿರ್ತಾ ಕ್ವಾರ್ಟಿನ್ ಮಾತಿಗೆ ನಿಂತರೆ ಮುಗಿಯಿತು. ಬ್ಯೂನಸ್ ಐರಿಸ್‌ನ ವಿಯ್ಯಾ ಕ್ರೆಸ್ಪೊ ಬಡಾವಣೆಯ ತರಕಾರಿಯವನು ಅವಳನ್ನು ದೂರದಿಂದ ಕಂಡರೇ ತಕ್ಕಡಿ ಬಿಟ್ಟು ಒಳಗೆ ಓಡುತ್ತಿದ್ದ. ಅಂಥವಳು ಹೊಟ್ಟೆಪಾಡಿಗೆ ಹಿಡಿದದ್ದು ಮನೋವಿಶ್ಲೇಷಣೆ, ಅಂದರೆ ಇನ್ನೊಬ್ಬರು ಮಾತಾಡುವಾಗ ತುಟಿ ಹೊಲಿದುಕೊಂಡು ಕೂರುವ ಕಸುಬು. ಅಷ್ಟು ವರ್ಷ ಹೇಗೆ ತಡೆದುಕೊಂಡಳೋ ದೇವರೇ ಬಲ್ಲ.

ಅವಳ ಬಳಿ ಬರುತ್ತಿದ್ದ ಅಬ್ರಿಲ್‌ಗೆ ಹದಿನೈದು ವರ್ಷ. ಅಮ್ಮ ಕಣ್ಮರೆಯಾದಾಗಲೆಲ್ಲ ಹುಡುಗಿ ಬಾಗಿಲ ಚೌಕಟ್ಟು ತಟ್ಟಬೇಕು, ತಟ್ಟುತ್ತಲೇ ಇರಬೇಕು. ತಟ್ಟಿದ್ದು ಸರಿಯಾಗದಿದ್ದರೆ ಅಮ್ಮ ಸತ್ತೇಹೋಗುತ್ತಾಳೆ ಎಂಬ ಭಯ ಅವಳಿಗೆ. ಬೆರಳ ಗೆಣ್ಣು ಸುಲಿದುಹೋಗಿತ್ತು, ಶಾಲೆ ತಪ್ಪುತ್ತಿತ್ತು. ಅಮ್ಮನನ್ನು ಇಷ್ಟು ಕಾಯುವವಳಿಗೆ ಆ ಅಮ್ಮನ ಮೇಲೆಯೇ ಹೇಳಲಾಗದ ಸಿಟ್ಟಿದೆ ಎಂಬುದು ಮಿರ್ತಾಳ ಲೆಕ್ಕಾಚಾರ. ಆದರೆ ಅದು ಹುಡುಗಿಯ ಬಾಯಿಂದಲೇ ಬರಬೇಕು. ಹೇಳಿಬಿಡಲು ನಾಲಿಗೆ ತುರಿಸಿದಾಗಲೆಲ್ಲ ಮಿರ್ತಾ ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಒಂದು ಸಂಜೆ ಮಾತಿನ ನಡುವೆ ಬಾಗಿಲು ತೆರೆದು ಅಮ್ಮ ಸಿಲ್ವಾನಾ ತಲೆ ತೂರಿಸಿದಳು.

"ಮಿರ್ತಾ, ಇವಳು ತನ್ನ ಕನಸು ಹೇಳಿದ್ಲಾ ನಿಮಗೆ? ನಾನಾಗ್ಲೇ ನಾನು ಹೋಗೋ ವಿಶ್ಲೇಷಕರ ಹತ್ರ ಹೇಳ್ದೆ. ಅದು ನನ್ನ ಬಗ್ಗೇನೇ ಅಂದ್ರು!"

"ನನ್ನ ಕನಸನ್ನೂ ಬಿಡಲ್ವಾ ನೀನು?" ಅಬ್ರಿಲ್ ಕಿರುಚಿದಳು. "ಸಾಯಿ ಹೋಗು!"

ಸಿಲ್ವಾನಾ ಬಾಗಿಲೆಳೆದುಕೊಂಡು ಹೊರಟೇಬಿಟ್ಟಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಎದ್ದು ಚೌಕಟ್ಟಿಗೆ ಕೈಯೆತ್ತಿದಳು.

"ಇವತ್ತಿಗೆ ಇಲ್ಲಿಗೇ ನಿಲ್ಲಿಸೋಣ," ಎಂದು ಮಿರ್ತಾ ಅವಳ ಭುಜ ಹಿಡಿದು ಲಿಫ್ಟಿನವರೆಗೂ ನಡೆಸಿದಳು. ಮುಖ್ಯ ಮಾತು ಬಿದ್ದ ಗಳಿಗೆಗೇ ಆ ದಿನದ ಭೇಟಿಯನ್ನು ಕತ್ತರಿಸುವುದು ಅವಳ ಮನೋವಿಶ್ಲೇಷಣೆಯ ಪಂಥದ ಪದ್ಧತಿ. ಕಟುಕತನವೇ ಸರಿ.

"ನಾನು ತಟ್ಟಲೇ ಇಲ್ಲ, ಮಿರ್ತಾ! ಅಮ್ಮಂಗೇನಾದ್ರೂ ಆದ್ರೆ?"

ಮಿರ್ತಾ ಇನ್ನೊಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡಳು. ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ, ಪಂಥದ ಶಿಸ್ತನ್ನೆಲ್ಲ ಗಾಳಿಗೆ ತೂರಿ ಬಾಲ್ಕನಿಗೆ ಓಡಿದಳು. ಈಗೊಂದು ಬಸ್ಸು ಬಂದು ಆ ಹೆಂಗಸಿಗೆ ಗುದ್ದಿದರೆ? ಹುಡುಗಿ ಮತ್ತೆಂದೂ ಬಾಯಿ ಬಿಡಲಾರಳು.

ಸಿಲ್ವಾನಾ ಕೆಳಗೆ ಫುಟ್‌ಪಾತಿನಲ್ಲಿ ಕೈಕಟ್ಟಿ ನಿಂತಿದ್ದಳು. ಅಬ್ರಿಲ್ ಓಡಿಬಂದು ಅವಳ ತೋಳು ಹಿಡಿದಳು.

"ಅಮ್ಮಾ, ನಾನು ಸಾಯಿ ಅಂದೆ ನಿಂಗೆ."

"ಕೇಳಿಸ್ತಮ್ಮಾ, ಇಡೀ ಬಿಲ್ಡಿಂಗಿಗೇ ಕೇಳಿಸ್ತು. ನಿಮ್ಮಜ್ಜಿಗೆ ನಾನು ದಿನಾ ಹೇಳ್ತಿದ್ದೆ ಅದನ್ನ. ಆ ಮುದುಕಿ ಇನ್ನೂ ನನ್ನ ಜೀವ ತಿಂತಾನೇ ಇದಾಳೆ."

ಅಬ್ರಿಲ್ ಬಿಕ್ಕಿದಳು. ಬಿಕ್ಕುತ್ತಲೇ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಾಗಾದ್ರೆ ನಾಳೇನೂ ಬೈಬಹುದಾ?"