ಎರಡು ಬೆಟ್ಟ, ಒಂದೇ ತಾರೀಖು

ಹುಲ್ಲಣ್ಣನ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಬ್ಬಿಣದ ಕಪಾಟುಗಳಲ್ಲಿಡುವ ನಮ್ಮ ಸಂಗ್ರಹಾಲಯಕ್ಕೆ ಮೂವತ್ತು ವರ್ಷದಿಂದ ಬೆಟ್ಟದ ಹುಲ್ಲು ತರುವವರು ಅವರು. ಯಾರು, ಎಲ್ಲಿಂದ, ಯಾವತ್ತು ತಂದರೆಂದು ಹಾಳೆಯ ಮೂಲೆಯಲ್ಲಿ ಅಂಟಿಸಿರುವ ಚೀಟಿ ಓದಿ ಕಂಪ್ಯೂಟರಿಗೆ ಏರಿಸುವವಳು ನಾನು. ಅಷ್ಟು ನಯವಾಗಿ ಮಾತಾಡುವವರನ್ನು ಕಂಡರೆ ಏನೋ ಮಸಲತ್ತಿದೆ ಅನ್ನಿಸುತ್ತದೆ ನನಗೆ.

ಬೆಟ್ಟದ ನೆತ್ತಿಯಲ್ಲಷ್ಟೇ ಬೆಳೆಯುವ ಒಂದು ಹುಲ್ಲಿದೆ. ಅದರ ಎಂಬತ್ತಾರು ಹಾಳೆಗಳೂ ಹುಲ್ಲಣ್ಣನ ಹೆಸರಿನಲ್ಲೇ ಇವೆ. ಏರಿಸುತ್ತಿದ್ದವಳ ಕೈ ನಿಂತಿತು. ಒಂದೇ ತಾರೀಖು, ಎರಡು ಬೆಟ್ಟ, ಒಂದು ಚಿಕ್ಕದು, ಒಂದು ದೊಡ್ಡದು. ನಡುವೆ ಎರಡು ದಿನದ ನಡಿಗೆ. ಒಂದಲ್ಲ, ಹನ್ನೊಂದು ಸಲ! ಕಣ್ಣಿಗೆ ಮಣ್ಣೆರಚುವುದಕ್ಕೂ ಒಂದು ಮಿತಿ ಬೇಡವೇ?

ಹಾಳೆಗಳನ್ನೇ ಹೊರತೆಗೆದು ನೋಡಿದೆ. ಈ ಹುಲ್ಲು ಹಾಳೆಗಿಂತ ಉದ್ದ. ಹಸಿಯಿರುವಾಗಲೇ ಮಡಚಿ ಒತ್ತಬೇಕು. ಮಡಚುವ ರೀತಿ ಒಬ್ಬೊಬ್ಬರದು ಒಂದೊಂದು. ಹುಲ್ಲಣ್ಣ ತುದಿಯನ್ನು ಬಲಕ್ಕೆ ಮಡಚುತ್ತಾರೆ. ದೊಡ್ಡ ಬೆಟ್ಟದ ಹಾಳೆಗಳಲ್ಲೆಲ್ಲ ಎಡಕ್ಕೆ ಮಡಚಿತ್ತು. ಯಾರದೋ ದುಡಿಮೆಗೆ ತಮ್ಮ ಹೆಸರು ಹಾಕಿಕೊಂಡಿದ್ದಾರೆ, ಭೂಪ! ಮೇಲಧಿಕಾರಿಯ ಕಿವಿಗೆ ಹಾಕಿದರೆ ಎಂಬತ್ತಾರೂ ದಾಖಲೆಯಿಂದ ಹೊರಗೆ. ಮುಂದಿನ ತಿಂಗಳು ನಿವೃತ್ತಿಯಾಗುವವರು ಕಳ್ಳ ಅನ್ನಿಸಿಕೊಂಡೇ ಹೋಗಬೇಕು.

"ಅಣ್ಣಾ, ದೊಡ್ಡ ಬೆಟ್ಟ ಹತ್ತಿದ್ದು ಯಾರು?" ಎಂದು ನೇರವಾಗಿ ಕೇಳಿಬಿಟ್ಟೆ.

ಅವರ ಮುಖ ಬಿಳಿಚಿತು. "ನಾನೇ ಅಂತ ಬರ್ದಿದೆಯಲ್ಲಮ್ಮ."

"ಬರ್ದಿರೋದು ಗೊತ್ತು. ಹತ್ತಿದ್ದು?"

ಕುರ್ಚಿ ಎಳೆದುಕೊಂಡು ಕೂತರು. "ಎತ್ತರ ಅಂದ್ರೆ ನಂಗೆ ತಲೆ ಸುತ್ತುತ್ತೆ. ಹೇಳಿದ್ರೆ ಕೆಲ್ಸ ಹೋಗ್ತಿತ್ತು. ಇದು ಹೂ ಬಿಡೋದು ಎಂಟೇ ದಿನ. ಚಿಕ್ಕ ಬೆಟ್ಟಕ್ಕೆ ನಾನು ಹೋಗ್ತಿದ್ದೆ, ದೊಡ್ಡದಕ್ಕೆ ನಮ್ಮನೆಯವ್ಳು."

ಸಿಕ್ಕಿಬಿದ್ದ ಮೇಲೆ ಹೆಂಡತಿಯನ್ನು ಮುಂದೆ ಮಾಡುತ್ತಿದ್ದಾರೆ ಅಂದುಕೊಂಡೆ. "ನಾಳೆ ಕರ್ಕೊಂಡು ಬನ್ನಿ, ನೋಡೋಣ" ಎಂದೆ.

ಮರುದಿನ ಹುಲ್ಲಣ್ಣನ ಜೊತೆ ಆಕೆ ಬಂದರು. ಏನೂ ಹೇಳದೆ ಉದ್ದನೆಯ ಹಸಿ ಹುಲ್ಲೊಂದನ್ನು ಕೈಗಿತ್ತೆ. ಎಡಗೈಯಲ್ಲಿ ಹಿಡಿದು, ತುದಿಯನ್ನು ಎಡಕ್ಕೆ ಮಡಚಿ, ಉಗುರಿನಿಂದ ಒತ್ತಿ ಹಾಳೆಯ ಮೇಲಿಟ್ಟರು. "ಬುಡದ ಮಣ್ಣೇ ತೊಳ್ದಿಲ್ಲ. ಯಾರಮ್ಮ ಇದನ್ನ ಕಿತ್ತಿದ್ದು?" ಎಂದು ಗದರಿದರು. ಕಿತ್ತಿದ್ದವಳು ನಾನೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಈಗ ಹಾಳೆಗಳನ್ನು ದಾಖಲೆಯಿಂದ ತೆಗೆಯಬೇಕಿರಲಿಲ್ಲ, ತಂದವರ ಹೆಸರು ತಿದ್ದಿದರೆ ಸಾಕಿತ್ತು. ಆದರೆ ತಿದ್ದಿದರೆ ಹುಲ್ಲಣ್ಣ ಇಷ್ಟು ವರ್ಷ ಸುಳ್ಳು ಬರೆದದ್ದು ಎಲ್ಲರಿಗೂ ತಿಳಿಯುತ್ತದೆ. ಇದನ್ನೂ ಹುಲ್ಲಣ್ಣನಿಗೆ ಹೇಳಿದೆ. ಸುಮ್ಮನಿದ್ದುಬಿಡೋಣವೇ ಎಂದೂ ಕೇಳಿದೆ.

ಅವರು ಹೆಂಡತಿಯ ಮುಖ ನೋಡಿದರು. "ತಿಳೀಲಿ ಬಿಡು. ಇವಳ ಹೆಸ್ರು ಹಾಕಮ್ಮ."

ಮೂವರೂ ಕೂತು ಹಾಳೆಗಳನ್ನು ಬೇರ್ಪಡಿಸಿದೆವು. ಐವತ್ತೊಂದು ಆಕೆಯವು.

"ಹಾಗಾದ್ರೆ ಮೂವತ್ತೈದಾದ್ರೂ ನನ್ನವು" ಎಂದು ಹುಲ್ಲಣ್ಣ ಕಣ್ಣೊರೆಸಿಕೊಂಡು ನಕ್ಕರು.

ಆಕೆ ಬಲಕ್ಕೆ ಮಡಚಿದ್ದ ಆ ಕಟ್ಟನ್ನೂ ತಮ್ಮ ಕಡೆಗೆ ಎಳೆದುಕೊಂಡರು. "ಸ್ವಲ್ಪ ತಡೀರಿ. ಇದ್ರಲ್ಲಿ ನಾಲ್ಕು, ನಿಮ್ಗೆ ಜ್ವರ ಬಂದಾಗ ನಾನು ಕಿತ್ತು ತಂದಿದ್ದು. ನೀವು ಮಲಗಿದಲ್ಲೇ ಮಡಚಿ ಕೊಟ್ರಿ, ಅಷ್ಟೇ."